ಕಣದ ಮೇಲೆ ಏನನ್ನೂ ಕಟ್ಟಕೂಡದು

ಆರ್ಕಿಟೆಕ್ಟ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಗೋಡೆಗೆ ತೂಗುಹಾಕಿದ ಹಳೆಯ ನಕ್ಷೆಗಳನ್ನು ನೋಡುತ್ತಾರೆ, ಆಮೇಲೆ ತಪ್ಪದೆ ಕೇಳುತ್ತಾರೆ: "ಮೇಡಂ, ನೀವು ಎಷ್ಟು ಸ್ಪರ್ಧೆ ಗೆದ್ದಿದ್ದೀರಿ?" ಬೆರಳೆಣಿಕೆಯಷ್ಟು ಎಂದು ಹೇಳಿ ಆ ಮಾತು ಮುಗಿಸುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಪಾಪ, ಕೊಟ್ಟೂರಿನಂಥ ಊರಿನಲ್ಲಿ ಕೂತು ಬದುಕಿಡೀ ಸ್ಪರ್ಧೆಗೆ ನಕ್ಷೆ ಬರೆದ ಹೆಂಗಸಿನ ಹತ್ತಿರ ಒಂದು ಕಪಾಟು ತುಂಬ ಫಲಕಗಳಾದರೂ ಇರಬೇಕಿತ್ತು ಎಂದು ಅವರಿಗೆ ಅನ್ನಿಸುತ್ತದೆ.

ನನಗೆ ಹೇಳಬೇಕೆಂದು ಆಸೆಯಿರುವ ಸಂಗತಿಯೇ ಬೇರೆ. ಅದು ಸ್ಪರ್ಧೆಯ ಷರತ್ತುಗಳದ್ದು. ಕಟ್ಟಡ ಕಟ್ಟಿಸುವವರು ಜಾಗದ ನಕ್ಷೆ ಕೊಡುತ್ತಾರೆ, ಅದರ ಜೊತೆಗೆ ಷರತ್ತುಗಳ ಒಂದು ಕಂತೆಯನ್ನೂ ಕೊಡುತ್ತಾರೆ. ಇಂಥದ್ದು ಇರಬೇಕು, ಇಂಥದ್ದು ಕೂಡದು. ಹತ್ತಾರು ಕಚೇರಿಗಳು ತಮ್ಮ ತಮ್ಮ ವಿನ್ಯಾಸ ಬರೆದು ಸಲ್ಲಿಸುತ್ತವೆ. ತೀರ್ಪುಗಾರರು ಒಂದನ್ನು ಆರಿಸುತ್ತಾರೆ, ಉಳಿದವರ ದುಡಿಮೆ ರದ್ದಿಗೆ ಹೋಗುತ್ತದೆ. ಬಹಳ ಜನ ಆ ಷರತ್ತುಗಳನ್ನು ಕಂಡರೆ ಹಲ್ಲು ಕಡಿಯುತ್ತಾರೆ. ನನಗೆ ಮಾತ್ರ ಬಾಯಲ್ಲಿ ನೀರೂರುತ್ತಿತ್ತು. ಯಾರೋ ಅಪರಿಚಿತರು ಕೂತು, ಯೋಚಿಸಿ, 'ಕೂಡದು' ಎಂದು ಬರೆದಿದ್ದಾರೆ. ಯಾಕೆ ಕೂಡದು? ಅದನ್ನು ತಿಳಿಯುವ ತನಕ ನನಗೆ ಊಟ ಸೇರುತ್ತಿರಲಿಲ್ಲ.

ಈ ಚಟ ಹತ್ತಿಸಿದವರು ನಮ್ಮ ಚನ್ನವೀರಪ್ಪ ಸರ್. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕಾಳುಕಡಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಕಚೇರಿ. ಓದು ಮುಗಿಸಿ ಹರಪನಹಳ್ಳಿಯಿಂದ ಬಂದ ನಾನು, ಥರ್ಮಾಕೋಲು ಮತ್ತು ರಟ್ಟಿನಲ್ಲಿ ಕಟ್ಟಡದ ಮಾದರಿ ಮಾಡುವ ಖಾದರ್ ಭಾಯಿ, ಮತ್ತು ಸರ್. ಇಷ್ಟೇ ಜನ. ಮನೆ, ಅಂಗಡಿ, ಗೋದಾಮುಗಳ ನಕ್ಷೆ ಬರೆದು ಹೊಟ್ಟೆ ಹೊರೆಯುತ್ತಿದ್ದೆವು. ವರ್ಷಕ್ಕೊಂದೋ ಎರಡೋ ಸ್ಪರ್ಧೆಗೆ ಕೈ ಹಾಕುವುದು ಸರ್ ಅವರ ಖುಷಿಗೆ.

ಷರತ್ತುಗಳು ಕೈಗೆ ಬಂದ ಮೇಲೆ ಒಂದಷ್ಟು ದಿನ ಯಾರೂ ಪೆನ್ಸಿಲ್ ಮುಟ್ಟುವಂತಿರಲಿಲ್ಲ. ಸಂಜೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ, ಮಿರ್ಚಿಯ ಎಣ್ಣೆ ಹತ್ತದಂತೆ ಹಾಳೆಯನ್ನು ದೂರ ಹಿಡಿದು, ಸರ್ ಒಂದೊಂದೇ ಷರತ್ತನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದರು: "ಇದನ್ನ ಬರದೋರಿಗೆ ಏನ್ ಅಂಜಿಕಿ ಇತ್ತು?"

ಮೊದಲ ಸಲ ನನಗೆ ನಗು ಬಂದಿತ್ತು. ಅಂಜಿಕೆಗೂ ಕಟ್ಟಡಕ್ಕೂ ಏನು ಸಂಬಂಧ? ಹಗರಿಬೊಮ್ಮನಹಳ್ಳಿಯಲ್ಲಿ ಊರ ಹಿರಿಯರ ಒಂದು ಸಂಘ ಬಸ್ ತಂಗುದಾಣಕ್ಕೆ ವಿನ್ಯಾಸ ಕೇಳಿತ್ತು. ಅದರಲ್ಲಿ ಒಂದು ಷರತ್ತು: 'ಆಸನಗಳ ಮೇಲೆ ಯಾರೂ ಮಲಗುವಂತಿರಬಾರದು.' ನಾನು ತಕ್ಷಣ ಆಸನಗಳ ನಡುನಡುವೆ ಕಬ್ಬಿಣದ ಕೈಗಳನ್ನು ಬರೆದುಬಿಟ್ಟೆ. ಮಲಗುವುದಿರಲಿ, ಸ್ವಲ್ಪ ದಪ್ಪಗಿದ್ದವರು ಕೂರುವುದೂ ಕಷ್ಟವಾಗಿತ್ತು.

"ಬರದೋರಿಗೆ ಏನ್ ಅಂಜಿಕಿ ಇತ್ತು ಹೇಳು" ಎಂದರು ಸರ್.

"ಕುಡಿದೋರು ಬಂದು ಮಲಗ್ತಾರಂತ, ಸರ್."

"ಹೌದಲ್ಲ? ಕೂಸಿಗೆ ಯಾರಾರ ಅಂಜ್ತಾರೇನು? ಬಿಸಿಲಾಗ ಬಂದ ಹೆಣ್ಮಗಳು ಕೂಸಿನ್ನ ಎಲ್ಲಿ ಮಲಗಸ್ಬೇಕು?"

ಆ ಪ್ರಶ್ನೆ ಹಿಡಿದುಕೊಂಡು ಕೆಲವು ದಿನ ತಲೆ ಕೆರೆದುಕೊಂಡೆವು. ಕೊನೆಗೆ ಆ ಜಾಗದಲ್ಲಿದ್ದ ಬೇವಿನ ಮರದ ಸುತ್ತ ದುಂಡಗೆ ಒಂದು ಕಟ್ಟೆ ಬರೆದೆವು. ಕಟ್ಟೆ ಬಾಗಿರುವುದರಿಂದ ಬೆಳೆದ ಗಂಡಸು ಅದರ ಮೇಲೆ ಮೈ ಚಾಚಿದರೆ ತಲೆಯೋ ಕಾಲೋ ಹೊರಗೆ ಹೋಗಿ ಕೆಳಗೆ ಬೀಳುತ್ತಾನೆ. ಕೂಸು ಮಾತ್ರ ಆರಾಮಾಗಿ ಮಲಗುತ್ತದೆ. ಖಾದರ್ ಭಾಯಿ ಮಾದರಿ ಮಾಡಿ, ಅದರ ಮೇಲೆ ಮಣ್ಣಿನ ಒಬ್ಬ ಕುಡುಕನನ್ನು ಮಲಗಿಸಿ, ಅವನು ಉರುಳುವುದನ್ನು ತೀರ್ಪುಗಾರರಿಗೆ ಮತ್ತೆ ಮತ್ತೆ ತೋರಿಸಿದ. ಅವರು ನಕ್ಕು ನಕ್ಕು ಕೆಲಸ ನಮಗೇ ಕೊಟ್ಟರು.

ಅದಾದ ಮೇಲೆ ನನಗೆ ಸ್ವಲ್ಪ ಜಂಬ ಬಂತು. ಷರತ್ತು ಯಾವುದೇ ಇರಲಿ, ಅದರಲ್ಲಿ ನುಸುಳುವ ಸಂದಿ ಹುಡುಕಬಲ್ಲೆ ಅಂದುಕೊಂಡೆ. ಆ ಜಂಬ ಇಳಿದದ್ದು ನನ್ನ ಹುಟ್ಟೂರಾದ ಹರಪನಹಳ್ಳಿಯಲ್ಲೇ. ಅಲ್ಲಿ ಮದುವೆ ಮುಂಜಿಗೆಂದು ಒಂದು ಸಭಾಭವನ ಕಟ್ಟಿಸುವವರಿದ್ದರು. 'ಮುಖ್ಯ ಬಾಗಿಲು ಪೂರ್ವಕ್ಕಿರಬೇಕು' ಎಂಬುದು ಷರತ್ತು. ರಸ್ತೆ ಇರುವುದು ಪಶ್ಚಿಮಕ್ಕೆ! ನಾನು ಎರಡೂ ಕಡೆ ಬಾಗಿಲು ಬರೆದು, ಯಾರೂ ಹೋಗದ ಪೂರ್ವದ ಬಾಗಿಲಿಗೆ 'ಮುಖ್ಯ' ಎಂದೂ, ರಸ್ತೆಯ ಕಡೆಯ ದೊಡ್ಡ ಬಾಗಿಲಿಗೆ 'ಸಾಮಾನು ಸಾಗಿಸಲು' ಎಂದೂ ಹೆಸರು ಬರೆದೆ. ಸರ್ ನೋಡಿ, ಅಂಜಿಕೆಯ ಪ್ರಶ್ನೆ ಕೇಳದೆಯೇ ಹಾಳೆ ವಾಪಸು ಕೊಟ್ಟರು. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ತೀರ್ಪಿನ ದಿನ ಒಬ್ಬ ಹಿರಿಯರು ನನ್ನ ನಕ್ಷೆಯ ಮೇಲೆ ಬೆರಳಾಡಿಸಿ ಬಹಳ ಮೃದುವಾಗಿ ಕೇಳಿದರು: "ಯವ್ವಾ, ಮದಲಗಿತ್ತಿ ಯಾವ ಬಾಗಲಾಗ ಬರ್ತಾಳ?"

ನಾನು ರಸ್ತೆಯ ಕಡೆಯ ದೊಡ್ಡ ಬಾಗಿಲ ಮೇಲೆ ಬೆರಳಿಟ್ಟೆ.

"ಸಾಮಾನಿನ ಬಾಗಲಾಗೇನು?" ಎಂದರು. ಇಡೀ ಕೋಣೆ ನಕ್ಕಿತು.

ಆ ಸಲ ಗೆದ್ದವರ ನಕ್ಷೆಯನ್ನು ನಾನು ಹೊಟ್ಟೆಕಿಚ್ಚಿನಿಂದಲೇ ನೋಡಿದೆ. ನೋಡುತ್ತ ನೋಡುತ್ತ ಹೊಟ್ಟೆಕಿಚ್ಚು ಮರೆತುಹೋಯಿತು. ಅವರು ರಸ್ತೆಯಿಂದ ಕಟ್ಟಡದ ಪಕ್ಕದಲ್ಲೇ ಪೂರ್ವದ ತನಕ ಒಂದು ಉದ್ದನೆಯ ನೆರಳಿನ ಜಗಲಿ ಬರೆದಿದ್ದರು. ದಿಬ್ಬಣ ಆ ಜಗಲಿಯ ಮೇಲೆ ಸಾಗುತ್ತದೆ, ಬೀಗರು ಅಲ್ಲೇ ಎದುರುಗೊಳ್ಳುತ್ತಾರೆ, ವಾದ್ಯದವರು ಅಲ್ಲೇ ನಿಲ್ಲುತ್ತಾರೆ. ದೂರ ನಡೆಯಬೇಕಾದ ತೊಂದರೆಯನ್ನೇ ಅವರು ಮದುವೆಯ ಸಂಭ್ರಮವನ್ನಾಗಿ ಮಾಡಿದ್ದರು. ನಾನು ಮಾಡಿದ್ದು ಷರತ್ತಿನ ಕಣ್ಣಿಗೆ ಮಣ್ಣೆರಚುವ ಕೆಲಸ. ಅವರು ಅದನ್ನು ಒಪ್ಪಿಕೊಂಡು, ಅದರ ಕೈಲಿ ದುಡಿಸಿಕೊಂಡಿದ್ದರು. ಇವೆರಡೂ ಬೇರೆ ಬೇರೆ ಎಂಬುದು ನನಗೆ ಗೊತ್ತಾಗಿದ್ದು ಅವತ್ತು. ಹರಪನಹಳ್ಳಿಗೆ ಹೋದಾಗಲೆಲ್ಲ ಆ ಜಗಲಿಯ ಮೇಲೆ ಒಂದು ಸಲ ನಡೆದು ಬರುತ್ತೇನೆ.

ಕಾಲ ಬದಲಾಯಿತು. ಬ್ಲೇಡಿನಿಂದ ಟ್ರೇಸಿಂಗ್ ಹಾಳೆ ಕೆರೆದು ತಪ್ಪು ಅಳಿಸುತ್ತಿದ್ದ ನಾವು ಕಂಪ್ಯೂಟರಿಗೆ ಬಂದೆವು. ಖಾದರ್ ಭಾಯಿಯ ಮಾದರಿಗಳ ಜಾಗಕ್ಕೆ, ನೋಡಿದರೆ ಫೋಟೋ ಅನ್ನಿಸುವ ಚಿತ್ರಗಳು ಬಂದವು. ಇನ್ನೂ ಕಟ್ಟದ ಕಟ್ಟಡದ ಮುಂದೆ ಎಂದೂ ಹುಟ್ಟದ ಜನ ನಗುತ್ತ ನಿಂತಿರುವ ಚಿತ್ರಗಳು. ನನಗೇನೂ ಅವುಗಳ ಮೇಲೆ ಸಿಟ್ಟಿಲ್ಲ, ನಾನೂ ಮಾಡಿಸಿದ್ದೇನೆ. ಆದರೆ ಹಾಳೆ ಕೆರೆಯುವಾಗ ಯೋಚಿಸಲು ಸಮಯ ಸಿಗುತ್ತಿತ್ತು. ಈಗ ತಪ್ಪು ಕೂಡ ಬಹಳ ಬೇಗ ಅಂದವಾಗಿಬಿಡುತ್ತದೆ. ಸರ್ ಅವರಿಗೆ ವಯಸ್ಸಾಗಿ ಪೆನ್ಸಿಲ್ ಹಿಡಿಯಲಾಗದಾಯಿತು. ಕಚೇರಿ ನನ್ನ ಪಾಲಿಗೆ ಬಿಟ್ಟರು. ಆದರೂ ಸಂಜೆ ಬಂದು ತಮ್ಮ ಹಳೆಯ ಕುರ್ಚಿಯಲ್ಲಿ ಕೂರುವುದು, ಷರತ್ತು ಓದುವುದು ಮಾತ್ರ ನಿಲ್ಲಲಿಲ್ಲ.

ಕೂಡ್ಲಿಗಿಯ ಸ್ಪರ್ಧೆ ಬಂದದ್ದು ನಾನು ನಿವೃತ್ತಿಯ ಹೊಸ್ತಿಲಲ್ಲಿದ್ದಾಗ. ಊರ ಅಂಚಿನಲ್ಲಿ, ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಗೆ ಹೊಂದಿಕೊಂಡ ಒಂದು ಜಾಗ. ಗಂಗಮ್ಮ ಎಂಬ ಹಿರಿಯ ಹೆಂಗಸು ಅದನ್ನು ಹೆಣ್ಣುಮಕ್ಕಳು ಓದಿಕೊಳ್ಳುವ ವಾಚನಾಲಯಕ್ಕೆಂದು ದಾನ ಕೊಟ್ಟಿದ್ದರು. ಕಟ್ಟಿಸುವ ಹೊಣೆ ಊರಿನ ಒಂದು ಸಮಿತಿಯದು. ಷರತ್ತುಗಳಲ್ಲಿ ಎರಡು ಒಂದಕ್ಕೊಂದು ಕೊಂಬು ಕೊಟ್ಟು ನಿಂತಿದ್ದವು. ಒಂದು ಸಮಿತಿಯದು: 'ಅಂಗಳದಲ್ಲಿ ಕಾರು ನಿಲ್ಲಿಸಲು ಸಾಕಷ್ಟು ಜಾಗವಿರಬೇಕು.' ಇನ್ನೊಂದು ಗಂಗಮ್ಮನದು: 'ಕಣದ ಮೇಲೆ ಏನನ್ನೂ ಕಟ್ಟಕೂಡದು.' ಕಣ ಇದ್ದದ್ದು ಜಾಗದ ನಟ್ಟನಡುವೆ. ತೆನೆ ಒಕ್ಕಲು ಗಟ್ಟಿ ಮಾಡಿದ ಆ ದುಂಡನೆಯ ನೆಲ ಬಿಟ್ಟರೆ ಉಳಿಯುವುದು ಅಂಚುಗಳಷ್ಟೇ.

"ಬರದಾಕಿಗೆ ಏನ್ ಅಂಜಿಕಿ ಇತ್ತು?" ಎಂದರು ಸರ್, ಎಂದಿನಂತೆ.

"ಹಿರೇರ ಕಣ ಅಲ್ರಿ ಸಾರ್. ನೆನಪು ಅಳಿಸಿ ಹೋಗ್ತೈತಿ ಅಂತ ಅಂಜಿಕಿ" ಎಂದ ಖಾದರ್ ಭಾಯಿ.

ನನಗೂ ಅದೇ ಸರಿ ಅನ್ನಿಸಿತು. ನನ್ನ ತಾಯಿಯ ತವರು ಹಲವಾಗಲು. ಚಿಕ್ಕವಳಿದ್ದಾಗ ಅಲ್ಲಿಯ ಕಣದಲ್ಲಿ ಚಪ್ಪಲಿ ಮೆಟ್ಟಿಕೊಂಡು ಕಾಲಿಟ್ಟದ್ದಕ್ಕೆ ಸೋದರಮಾವ ಬೆನ್ನ ಮೇಲೆ ಬಾರಿಸಿದ್ದು ನೆನಪಿದೆ. ಕಣ ಎಂದರೆ ದೇವರ ಜಾಗ, ಪೂಜೆಯ ಜಾಗ. ಅಲ್ಲಿಗೆ ಪ್ರಶ್ನೆ ಮುಗಿಯಿತು ಅಂದುಕೊಂಡು ಪೆನ್ಸಿಲ್ ಹಿಡಿದೆ. ಕಣದ ಸುತ್ತ ನಾಲ್ಕೂ ಕಡೆ ಕಟ್ಟಡ, ನಡುವೆ ಖಾಲಿ ಅಂಗಳ. ಕಾರು ಎಲ್ಲಿ? ಕಣದ ಮೇಲೆ ಕಟ್ಟಬಾರದು ಅಂದಿದ್ದಾರೆ, ನಿಲ್ಲಿಸಬಾರದು ಅಂದಿಲ್ಲವಲ್ಲ ಎಂಬ ಹಳೆಯ ಹರಪನಹಳ್ಳಿ ಬುದ್ಧಿ ಒಮ್ಮೆ ತಲೆ ಎತ್ತಿತು. ಒಂದು ಹಾಳೆಯಲ್ಲಿ ಬರೆದೂ ನೋಡಿದೆ. ಚಪ್ಪಲಿಯನ್ನೇ ಸಹಿಸದ ಜಾಗದಲ್ಲಿ ಕಾರು! ನಾಚಿಕೆಯಾಗಿ ಹಾಳೆಯನ್ನು ಮಡಚಿಟ್ಟೆ.

ಸ್ಪರ್ಧೆಗೆ ಇಳಿದವರೆಲ್ಲ ಜಾಗ ನೋಡಲು ಒಂದು ದಿನ ಗೊತ್ತಾಗಿತ್ತು. ನವಣೆ ಕೊಯ್ಲಿನ ಕಾಲ. ನಾನು ಹೋದಾಗ ದೊಡ್ಡ ಊರಿನ ಒಂದು ಕಚೇರಿಯ ಹುಡುಗರು ಆಗಲೇ ಬಂದು, ಜಾಗದ ಮೇಲೆ ಡ್ರೋನ್ ಹಾರಿಸುತ್ತಿದ್ದರು. ಎಲ್ಲರೂ ಕತ್ತು ಮೇಲೆತ್ತಿ ಅದನ್ನೇ ನೋಡುತ್ತಿದ್ದರು. ನಾನು ಕಣದ ಅಂಚಿಗೆ ಬಂದವಳು ಭಕ್ತಿಯಿಂದ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ನೆಲ ಕಾದ ಹೆಂಚಾಗಿತ್ತು. ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ ಕುಣಿಯುವಂತಾಯಿತು.

ಹಿಂದಿನಿಂದ ಯಾರೋ ನಕ್ಕರು. ಕೋಲು ಊರಿಕೊಂಡು, ಕೊಂಚ ಕುಂಟುತ್ತ ಬಂದ ಹಿರಿಯ ಹೆಂಗಸು. ಅವರೇ ಗಂಗಮ್ಮ ಎಂದು ಸಮಿತಿಯವರು ಪರಿಚಯಿಸಿದರು.

"ಯಾಕ ತಂಗಿ, ಚಪ್ಲಿ ಯಾಕ ಬಿಟ್ಟಿ?"

"ಕಣ ಅಲ್ರಿ ಅಕ್ಕಾರ..."

"ಕಣ ಎಲ್ಲೈತಿ? ಮೇಟಿ ಎಲ್ಲೈತಿ ಇಲ್ಲಿ? ಮೇಟಿ ನಟ್ರ ಕಣ. ಕಿತ್ತ ಮ್ಯಾಲ ಬರೇ ನೆಲ. ಮೆಟ್ಕೋ ಮೊದಲ, ಅಂಗಾಲು ಸುಟ್ಟಾವು."

ಮೇಟಿ ಎಂದರೆ ಕಣದ ನಡುವೆ ನೆಡುವ ಕಂಬ. ಹಿಂದೆ ಅದಕ್ಕೆ ಎತ್ತು ಕಟ್ಟಿ ತೆನೆಯ ಮೇಲೆ ತಿರುಗಿಸುತ್ತಿದ್ದರು. ಈಗ ಟ್ರ್ಯಾಕ್ಟರೇ ತಿರುಗುತ್ತದೆ, ಆದರೂ ಸುಗ್ಗಿಗೆ ನೆಲ ಸಾರಿಸಿ, ಮೇಟಿ ನೆಟ್ಟು, ಪೂಜೆ ಮಾಡುವುದು ತಪ್ಪಿಲ್ಲ. ಇಷ್ಟು ನನಗೂ ಗೊತ್ತಿತ್ತು. ಮೇಟಿ ಇಲ್ಲದ ಕಾಲದಲ್ಲಿ ಅದು ಕಣವೇ ಅಲ್ಲ ಎನ್ನುವುದು ಗೊತ್ತಿರಲಿಲ್ಲ. ಸುಗ್ಗಿಗೆ ಮಾತ್ರ ತಾಯಿಯ ತವರಿಗೆ ಹೋಗುತ್ತಿದ್ದ ನನಗೆ ಹೇಗೆ ಗೊತ್ತಾಗಬೇಕು! ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಹಾಗೆ ಸರ್ ಅವರ ಪ್ರಶ್ನೆ ಮತ್ತೆ ಎದ್ದು ಕೂತಿತು. ಬರೀ ನೆಲವಾದರೆ, ಇವರು ಕಾಯುತ್ತಿರುವುದು ಏನನ್ನು?

"ಹಂಗಾರ ಏನೂ ಕಟ್ಟಬಾರ್ದು ಅಂತ ಯಾಕ ಬರಿಸಿದ್ರಿ ಅಕ್ಕಾರ? ಏನಾರ ಅಂಜಿಕಿ ಐತೇನು?"

ಅವರು ಕೋಲೆತ್ತಿ ರಸ್ತೆಯ ಕಡೆ ತೋರಿಸಿದರು.

"ಅಲ್ನೋಡು."

ಸರ್ವೀಸ್ ರಸ್ತೆಯ ಅರ್ಧಕ್ಕರ್ಧ ತೆನೆ ಸಮೇತ ನವಣೆಯ ಹುಲ್ಲು ಹರಡಿತ್ತು. ಅಂಚಿಗೆ ಕಲ್ಲು ಇಟ್ಟಿದ್ದರು. ಲಾರಿ, ಕಾರುಗಳು ಅದರ ಮೇಲೆ ಹಾದು ಕಾಳು ಉದುರಿಸಲಿ ಎಂದು. ನಡುನಡುವೆ ಹೆಂಗಸರು ಓಡಿ ಹೋಗಿ ಹುಲ್ಲು ಹೊರಳಿಸಿ ಮತ್ತೆ ಅಂಚಿಗೆ ಜಿಗಿಯುತ್ತಿದ್ದರು. ಬರುವಾಗ ನಾನೂ ಅದರ ಮೇಲೆಯೇ ಹಾದು ಬಂದಿದ್ದೆ. ನಮ್ಮ ಸೀಮೆಯಲ್ಲಿ ಇದು ಎಷ್ಟು ಮಾಮೂಲು ಎಂದರೆ, ನೋಡಿಯೂ ನೋಡಿರಲಿಲ್ಲ.

"ನನ್ನ ಕಾಲು ಹೋಗಿದ್ದು ಅಲ್ಲೇ ತಂಗಿ. ಹುರಳಿ ಹಾಕಿದ್ದೆ ರಸ್ತಾದಾಗ. ಬಗ್ಗಿ ಬಳಿಯಾಕತ್ತಿದ್ದೆ, ಹಿಂದ ಬಂದ ಗಾಡಿ ಕಾಣಲಿಲ್ಲ. ಜೀವ ಉಳೀತು. ಅವತ್ತಿಂದ ನಮ್ಮ ಕಣ ಓಣಿಗೆಲ್ಲಾ ಬಿಟ್ಟೀನಿ, ಯಾರೂ ರಸ್ತಾಕ್ಕ ಹೋಗಬ್ಯಾಡ್ರಿ ಅಂತ. ಈ ಸಲ ನೀವು ಅಳತಿ ತಗೊಳ್ಳಾಕ ಬರ್ತೀರಂತ ಸಮಿತಿಯೋರು ಕಣ ಮಾಡ್ಬ್ಯಾಡ ಅಂದ್ರು. ಒಂದು ಸುಗ್ಗಿ ಕಣ ಇಲ್ಲಾ, ನೋಡು, ಎಲ್ಲಾರೂ ಮತ್ತ ಅಲ್ಲೇ ಹೋಗ್ಯಾರ."

"ಮತ್ತ ಜಾಗ ಯಾಕ ಕೊಟ್ರಿ?"

"ಹುಡುಗೇರು ಓದಬ್ಯಾಡೇನು? ಮನ್ಯಾಗ ಟಿವಿ ಗದ್ದಲದಾಗ ಎಲ್ಲಿ ಓದ್ತಾವ? ಎರಡೂ ಆಗ್ಬೇಕು. ಓದಾಕ ಒಂದು ಮನಿ ಆಗ್ಬೇಕು, ಕಾಳು ರಸ್ತಾಕ್ಕ ಹೋಗಬಾರ್ದು."

ನೆನಪು, ಪರಂಪರೆ, ದೇವರು ಎಂದು ನಾವು ಕೊಟ್ಟೂರಿನಲ್ಲಿ ಮಿರ್ಚಿ ತಿನ್ನುತ್ತ ಏನೇನೋ ಊಹಿಸಿದ್ದೆವು. ಈ ಹೆಂಗಸಿನ ಅಂಜಿಕೆ ಹಿಂದಿನದ್ದಾಗಿರಲಿಲ್ಲ, ಅದು ಕಣ್ಣೆದುರಿನ ರಸ್ತೆಯದಾಗಿತ್ತು. ನಾನು ಬರೆದಿದ್ದ ನಾಲ್ಕು ಕಡೆಯ ಕಟ್ಟಡ ಷರತ್ತಿಗೆ ಸರಿಯಾಗಿಯೇ ಇತ್ತು. ಕಣದ ಮೇಲೆ ಒಂದು ಇಟ್ಟಿಗೆಯೂ ಇರಲಿಲ್ಲ. ಟ್ರ್ಯಾಕ್ಟರ್ ಒಳಗೆ ಬರಲು ದಾರಿಯಿರಲಿಲ್ಲ, ಕಾಳು ತೂರಲು ಗಾಳಿಯೂ ಇರಲಿಲ್ಲ. ಅದನ್ನು ಕಟ್ಟಿದ್ದರೆ ಓಣಿಯ ಹೆಂಗಸರೆಲ್ಲ ಮೊರ ಹಿಡಿದು ಲಾರಿಯ ಮುಂದೆ ನಿಲ್ಲಬೇಕಾಗುತ್ತಿತ್ತು.

ಸಂಜೆ ಎಲ್ಲ ಕೇಳಿದ ಸರ್, "ಕಾರಿನ ಷರತ್ತು ಬರದೋರಿಗೆ ಏನ್ ಅಂಜಿಕಿ?" ಎಂದರು.

"ಉದ್ಘಾಟನೆಗೆ ದೊಡ್ಡೋರು ಬಂದಾಗ ಕಾರು ನಿಲ್ಸಾಕ ಜಾಗ ಇರಂಗಿಲ್ಲ ಅಂತ ಇರ್ಬೇಕು ಸರ್. ಓದೋ ಹುಡುಗೇರು ಸೈಕಲ್ಲಿನ್ಯಾಗ ಬರ್ತಾರ."

"ದೊಡ್ಡೋರು ಸುಗ್ಗಿಯಾಗ ಬರ್ತಾರೇನು?"

ಅಲ್ಲಿಗೆ ಗಂಟು ಸಡಿಲವಾಯಿತು. ನಾನು ನಾಚಿಕೊಂಡು ಮಡಚಿಟ್ಟಿದ್ದ ಹಾಳೆಯನ್ನು ಮತ್ತೆ ಬಿಡಿಸಿದೆ. ಸುಗ್ಗಿಯಲ್ಲಿ ಮೇಟಿ ನೆಟ್ಟಾಗ ಕಣ. ಮೇಟಿ ಕಿತ್ತ ಮೇಲೆ ಸಭೆಯ ದಿನ ಕಾರಿಗೆ, ಉಳಿದ ದಿನ ಹುಡುಗಿಯರ ಆಟಕ್ಕೆ. ಎರಡು ಷರತ್ತು ಒಂದೇ ನೆಲಕ್ಕೆ ಜಗಳವಾಡುತ್ತಿದ್ದವು, ಅವುಗಳಿಗೆ ಬೇಕಾದ ಕಾಲ ಬೇರೆ ಬೇರೆ ಇತ್ತು. ಗಂಗಮ್ಮನಿಗೆ ಫೋನ್ ಮಾಡಿ ಕೇಳಿದೆ. "ಮೇಟಿ ಕಿತ್ತ ಮ್ಯಾಲ ಕಾರು ನಿಲ್ಸ್ರಿ, ದನ ಕಟ್ರಿ, ನನಗೇನಾಗ್ಬೇಕು?" ಎಂದರು.

ಮುಂದಿನ ಕೆಲಸವೆಲ್ಲ ಹಬ್ಬದಂತೆ ಸಾಗಿತು. ಸುಗ್ಗಿಯಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ಹಾಗಾಗಿ ಪೂರ್ವ ಪಶ್ಚಿಮ ಎರಡನ್ನೂ ತೆರೆದಿಟ್ಟು, ವಾಚನಾಲಯವನ್ನು ಉತ್ತರದ ಅಂಚಿಗೆ ಉದ್ದಕ್ಕೆ ಬರೆದೆ. ಹೊಟ್ಟು ಓದುವವರ ಮೇಲೆ ಹಾರದೆ ಆಚೆ ಹೋಗುತ್ತದೆ. ಕಣದ ಕಡೆಗೆ ಅಗಲವಾದ ಜಗಲಿ. ಹರಪನಹಳ್ಳಿಯಲ್ಲಿ ಸೋತು ಕಲಿತ ಜಗಲಿ. ಕಂಪ್ಯೂಟರ್ ಚಿತ್ರಗಳ ಜೊತೆಗೆ ಖಾದರ್ ಭಾಯಿಯಿಂದ ಒಂದು ರಟ್ಟಿನ ಮಾದರಿಯನ್ನೂ ಮಾಡಿಸಿದೆ. ಅವನು ಬೆಂಕಿಕಡ್ಡಿಯ ಒಂದು ಮೇಟಿ ಮಾಡಿ, ನೆಟ್ಟು ಕಿತ್ತು ತೋರಿಸಲು ಬರುವಂತೆ ನಡುವೆ ಸಣ್ಣ ತೂತು ಕೊರೆದಿದ್ದ.

ತೀರ್ಪಿನ ದಿನ ಗಂಗಮ್ಮನೂ ಒಂದು ಮೂಲೆಯಲ್ಲಿ ಕೂತಿದ್ದರು. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಸಮಿತಿಯ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ಮೇಡಂ, ಓದೋ ಮಕ್ಕಳ ಮುಂದ ಟ್ರ್ಯಾಕ್ಟರ್ ಗದ್ದಲ, ಹೊಟ್ಟು, ಧೂಳು. ಇದು ಸರಿ ಕಾಣಸ್ತೈತೇನ್ರಿ? ಓದೋ ಹುಡುಗೇರಿಗೆ ತ್ರಾಸಾಗಂಗಿಲ್ಲೇನು?"

ಮೂಲೆಯಿಂದ ಗಂಗಮ್ಮನ ಮಾತು ಬಂತು. "ಓದೋ ಹುಡುಗೇರು ಯಾರಂತ ತಿಳದೀರಿ? ತೂರೋರ ಮಕ್ಳ ಅವು."

ಎಲ್ಲರೂ ನಕ್ಕರು, ತಲೆದೂಗಿದರು. ಗೆದ್ದೆವು ಎಂದೇ ನಾನು ತಿಳಿದೆ. ಗೆಲ್ಲಲಿಲ್ಲ. ಗೆದ್ದವರು ಡ್ರೋನ್ ಹಾರಿಸಿದ ಹುಡುಗರು.

ಅವರ ಚಿತ್ರ ಅಂದವಾಗಿಯೇ ಇತ್ತು. ಮೂರು ಕಡೆ ಕಟ್ಟಡ, ಒಂದು ಕಡೆ ದೊಡ್ಡ ಬಾಗಿಲು, ನಡುವೆ ಗಟ್ಟಿ ನೆಲದ ದುಂಡನೆಯ ಅಂಗಳ, ಆ ಅಂಗಳದ ನಡುವೆ ಕಪ್ಪು ಕಲ್ಲಿನಲ್ಲಿ ಕೆತ್ತಿದ ಎತ್ತರದ ಮೇಟಿ. ಕಾರುಗಳನ್ನು ಹೊರಗೋಡೆಯುದ್ದಕ್ಕೆ ಓರೆಯಾಗಿ ತುರುಕಿದ್ದರು. 'ಕಣದ ನೆನಪಿಗೆ ಒಂದು ಸ್ಮಾರಕ' ಎಂದು ಕೆಳಗೆ ಬರೆದಿದ್ದರು. "ಪರಂಪರಿ ಅಂದ್ರ ಇದು ನೋಡ್ರಿ!" ಎಂದು ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೋಲು ನನಗೆ ಹೊಸದಲ್ಲ, ಆದರೆ ಆ ರಸ್ತೆಯ ಮೇಲೆ ಓಡಿ ಜಿಗಿಯುವ ಹೆಂಗಸರು ಕಣ್ಣ ಮುಂದೆ ಬಂದು ಅವತ್ತು ಅಳು ಬಂತು.

ಹೊರಗೆ ಬಂದು ಗಂಗಮ್ಮನನ್ನು ಹಿಡಿದು ಕೇಳಿದೆ. "ಅಕ್ಕಾರ, ನೀವ್ಯಾಕ ಸುಮ್ಮನಿದ್ರಿ? ಕಣದ ಮ್ಯಾಲ ಏನೂ ಕಟ್ಟಬಾರ್ದು ಅಂತ ನಿಮ್ಮ ಷರತ್ತ ಐತಲ್ಲ!"

"ಕೇಳಿದೆ ತಂಗಿ. ನಡುವ ನಿಂತದ್ದು ಏನು ಅಂದೆ. ಮೇಟಿ ಅಂದ್ರು. ಎಂದಾರ ಕೀಳ್ತೀರೇನು ಅಂದೆ. ಕಲ್ಲಿಂದು, ಎಂದೂ ಕೀಳಂಗಿಲ್ಲ ಅಂದ್ರು. ಹಂಗಾರ ನನ್ನದು ಒಪ್ಪಿಗಿ ಐತಿ ಅಂದೆ."

ಹಿರಿಜೀವ, ಆ ಹೊಳೆಯುವ ಚಿತ್ರಕ್ಕೆ ಮರುಳಾಗಿದೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡು ಕೊಟ್ಟೂರಿನ ಬಸ್ ಹತ್ತಿದೆ.

ಆಮೇಲೆ ಕಚೇರಿ ಮುಚ್ಚಿದೆ. ಖಾದರ್ ಭಾಯಿ ಮಗನ ಅಂಗಡಿಯಲ್ಲಿ ಕೂರತೊಡಗಿದ. ವಾಚನಾಲಯ ಕಟ್ಟಿ ಮುಗಿದು, ಉದ್ಘಾಟನೆಯಾದ ಸುದ್ದಿ ಬಂತು. ನಾನು ಹೋಗಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಸಂಜೆ ಸರ್ ಅವರನ್ನು ನೋಡಲು ಹೋದಾಗ, ಹಾಸಿಗೆಯ ಮೇಲೆ ಒರಗಿ ಕೂತಿದ್ದ ಅವರು ಇದ್ದಕ್ಕಿದ್ದಂತೆ ಕೇಳಿದರು: "ಕೂಡ್ಲಿಗಿ ಹೆಣ್ಮಗಳ ಅಂಜಿಕಿ ಹೋತೇನು?"

"ಸೋತ್ವಲ್ಲ ಸರ್."

"ನಾವು ಸೋತದ್ದು ನನಗ ಗೊತ್ತೈತಿ. ಆಕಿ ಅಂಜಿಕಿ ಹೋತೇನು ಅಂತ ಕೇಳಿದೆ. ಹೋಗಿ ನೋಡ್ಕೊಂಡ ಬಾ."

ಮನಸ್ಸಿಲ್ಲದ ಮನಸ್ಸಿನಿಂದಲೇ ಹೋದೆ. ಸರ್ವೀಸ್ ರಸ್ತೆಯಲ್ಲಿ ಇಳಿದವಳಿಗೆ ಏನೋ ಬದಲಾಗಿದೆ ಅನ್ನಿಸಿತು, ಏನೆಂದು ತಕ್ಷಣ ಹೊಳೆಯಲಿಲ್ಲ. ಸುಗ್ಗಿಯ ನಡುವಿನ ಕಾಲ, ಆದರೂ ರಸ್ತೆ ಬರಿದಾಗಿತ್ತು. ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಕಲ್ಲಿಲ್ಲ. ಲಾರಿಗಳು ತಮ್ಮ ಪಾಡಿಗೆ ಸಾಗುತ್ತಿದ್ದವು. ವಾಚನಾಲಯದ ದೊಡ್ಡ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅದರೊಳಗೆ ಒಂದು ಜೊತೆ ಪಾಲಿಶ್ ಮಾಡಿದ ಬೂಟು.

ಒಳಗೆ ಅಂಗಳದ ತುಂಬ ಸಜ್ಜೆ ತೆನೆ ಹರಡಿತ್ತು. ಓಣಿಯ ಹೆಂಗಸರೆಲ್ಲ ಬರಿಗಾಲಲ್ಲಿ ಕೆಲಸದಲ್ಲಿದ್ದರು. ಮೂರು ಕಡೆ ಕಟ್ಟಡವಾದ್ದರಿಂದ ನಾನು ಹೆದರಿದ್ದಂತೆ ಗಾಳಿ ಇರಲಿಲ್ಲ. ಅದಕ್ಕೇನು? ವಾಚನಾಲಯದ ಕಿಟಕಿಯಿಂದ ತಂತಿ ಎಳೆದು ಒಂದು ದೊಡ್ಡ ಫ್ಯಾನು ಹಚ್ಚಿದ್ದರು. ಅದರ ಮುಂದೆ ನಿಂತು ತೂರುತ್ತಿದ್ದರು. ಮೂಡಣ ಗಾಳಿಗಾಗಿ ನಾನು ಹಾಳೆಗಟ್ಟಲೆ ಬರೆದದ್ದು ನೆನಪಾಗಿ ನಗು ಬಂತು. ಕೈಯಲ್ಲಿ ಪುಸ್ತಕ ಹಿಡಿದ ಇಬ್ಬರು ಹುಡುಗಿಯರು ಕಲ್ಲಿನ ಮೇಟಿಗೆ ಒರಗಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಮೇಟಿಗೆ ಅರಿಶಿನ ಕುಂಕುಮ ಹಚ್ಚಿತ್ತು.

ಗಂಗಮ್ಮ ಬಾಗಿಲ ಒಳಪಕ್ಕದ ಕಟ್ಟೆಯ ಮೇಲಿಂದ ಕೂಗಿದರು. "ಬಾ ತಂಗಿ! ಈಗ ಬಂದ್ಯಾ?"

"ಇದೆಲ್ಲಾ ಹೆಂಗಾತು ಅಕ್ಕಾರ?"

"ಉದ್ಘಾಟನಿ ದಿನ ದೊಡ್ಡೋರೆಲ್ಲಾ ಬೂಟು ಹಾಕ್ಕೊಂಡು ಒಳಗ ಬಂದ್ರು. ಮೇಟಿ ನಿಂತೈತಿ, ಬೂಟು ಬಿಡ್ರಿ ಅಂದೆ. ಪಾಪ, ಎಲ್ಲಾರೂ ಬಿಟ್ರು. ಬರಿಗಾಲಾಗ ನಿಂತು ಕೈ ಮುಗಿದು ಫೋಟೋನೂ ತಗಿಸಿಕೊಂಡ್ರು. ಆಮ್ಯಾಲ ಸುಗ್ಗಿ ಬಂತು. ತೆನಿ ತಂದು ಹಾಕಿದ್ವಿ. ಅಧ್ಯಕ್ಷರು ಓಡಿ ಬಂದ್ರು. ಇಲ್ಲಿ ಕಾಳು ಹಾಕಂಗಿಲ್ಲ, ಇದು ಸ್ಮಾರಕ ಅಂದ್ರು."

"ನೀವೇನಂದ್ರಿ?"

"ಮೇಟಿ ನಟ್ಟೋರು ಯಾರು ಸಾಹೇಬ್ರ ಅಂದೆ. ನಾವಾ ಅಂದ್ರು. ಬೂಟು ಬಿಟ್ಟು ಕೈ ಮುಗಿದೋರು ಯಾರು ಅಂದೆ. ನಾವಾ ಅಂದ್ರು. ಮೇಟಿ ನಿಂತ ಮ್ಯಾಲ ಕಣ ಖಾಲಿ ಇರಬಾರ್ದು, ಬರ್ರಿ ಅಂತ ಒಳಗ ಕರ್ಕೊಂಡೆ. ಅಲ್ಲೇ ಕುಂತಾರ ನೋಡು."

ವಾಚನಾಲಯದ ಮುಂದಿನ ಜಗಲಿಯ ಮೇಲೆ ಅಧ್ಯಕ್ಷರು ಬರಿಗಾಲಲ್ಲಿ ಕೂತು, ಯಾರೋ ಕೊಟ್ಟ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು, ಒಂದು ಬಗೆಯ ನಗೆ ನಕ್ಕು, ಕೈ ಮುಗಿದರು.

ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಬದುಕಿಡೀ ಬೇರೆಯವರ ಷರತ್ತಿಗೆ ಅರ್ಥ ಹುಡುಕುತ್ತ ಬಂದವಳು ನಾನು. ಈ ಹೆಂಗಸು ಎದುರಿಗೆ ಸಿಕ್ಕ ಒಂದು ಕಲ್ಲನ್ನೇ ಷರತ್ತು ಮಾಡಿ ಊರಿನವರ ಮೇಲೆಲ್ಲ ಹಾಕಿದ್ದರು. ಎಂದೂ ಕೀಳದ ಮೇಟಿ ಎಂದರೆ ಎಂದೂ ಬರೀ ನೆಲವಾಗದ ಕಣ ಎಂದು ಅವತ್ತು ಗೆದ್ದವರ ಚಿತ್ರವನ್ನು ಸರಿಯಾಗಿ ಓದಿದವರು ಅವರೊಬ್ಬರೇ. ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು. ಅಲ್ಲಿಂದಲೇ ಸರ್ ಅವರಿಗೆ ಫೋನ್ ಮಾಡಿದೆ.

"ಹೋತೇನು?" ಎಂದರು ಅವರು, ಹಲೋ ಕೂಡ ಅನ್ನದೆ.

ಹಿಂತಿರುಗಿ ಇನ್ನೊಮ್ಮೆ ರಸ್ತೆ ನೋಡಿದೆ. "ಹೋತು ಸರ್" ಎಂದೆ.

ಫೋನ್ ಚೀಲದಲ್ಲಿಟ್ಟು, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ನನ್ನವನ್ನೂ ಬಿಟ್ಟು ಒಳಗೆ ಕಾಲಿಟ್ಟೆ. ನೆಲ ಈ ಸಲವೂ ಸುಡುತ್ತಿತ್ತು. ಈ ಸಲ ಗಂಗಮ್ಮ ನಗಲಿಲ್ಲ. ಪಕ್ಕದಲ್ಲಿದ್ದ ಒಂದು ಮೊರ ಎತ್ತಿ ನನ್ನ ಕಡೆ ಚಾಚಿ, "ನೋಡ್ಕೋತ ನಿಂತರ ಹೆಂಗ ತಂಗಿ? ಹಿಡಿ" ಎಂದರು.